ಬಿತ್ತನೆ ರಾಗಿ ಮತ್ತು ಹುವಾನ್ ಸೋಟೊ

ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಒಂದು ಟೀ ಶರ್ಟ್ ಕೊಡಿಸಿದ್ದೆ. ಕಂದು ಬಣ್ಣದ್ದು. ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ ಅಬ್ರಾಮ್ಸ್ ಅಂತ ಹೆಸರು, ಅದರ ಕೆಳಗೆ 77. ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ, ಎರಡು ವರ್ಷವಾದರೂ ಬರಲಿ ಅಂತ. ಅಮೆರಿಕಕ್ಕೆ ಬಂದು ಎಷ್ಟು ವರ್ಷವಾದರೂ ಮಕ್ಕಳ ಬಟ್ಟೆ ವಿಷಯದಲ್ಲಿ ನಮ್ಮ ಬುದ್ಧಿ ಬದಲಾಗಲ್ಲ.

ಶರ್ಟ್ ಎರಡು ವರ್ಷ ಬಂತು. ಅಬ್ರಾಮ್ಸ್ ಎರಡು ವಾರವೂ ಉಳಿಯಲಿಲ್ಲ.

2022ರ ಆಗಸ್ಟ್ 2, ಮಂಗಳವಾರ. ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ಫೋನು ಒಂದೇ ಸಮನೆ ಕುಣಿಯತೊಡಗಿತು. ನಮ್ಮೂರ ಬೇಸ್‌ಬಾಲ್ ತಂಡ, ಸ್ಯಾನ್ ಡಿಯೇಗೊ ಪಾಡ್ರೆಸ್, ವಾಷಿಂಗ್ಟನ್ ನ್ಯಾಷನಲ್ಸ್‌ನಿಂದ ಹುವಾನ್ ಸೋಟೊನನ್ನು ತಂದಿತ್ತು. ಬದಲಿಗೆ ಐದು ಹುಡುಗರನ್ನು ಕೊಟ್ಟಿತ್ತು. ಮೆಕೆಂಜಿ ಗೋರ್, ಸಿ.ಜೆ. ಅಬ್ರಾಮ್ಸ್, ರಾಬರ್ಟ್ ಹ್ಯಾಸೆಲ್, ಜೇಮ್ಸ್ ವುಡ್, ಹಾರ್ಲಿನ್ ಸುಸಾನ. ಎಲ್ಲರಿಗಿಂತ ದೊಡ್ಡವನಿಗೆ 23, ಚಿಕ್ಕವನಿಗೆ 18. ಜೊತೆಗೆ ಲೂಕ್ ವೋಯ್ಟ್ ಅನ್ನೋ ಒಬ್ಬ ಅನುಭವಿ. ಆ ಕಡೆಯಿಂದ ಸೋಟೊ ಜೊತೆ ಜೋಶ್ ಬೆಲ್ ಕೂಡ ಬಂದ.

ಮಗಳು ಹಾಸಿಗೆಯಿಂದ ಎದ್ದು ಬಂದಾಗ ಅದೇ ಶರ್ಟ್ ಹಾಕಿಕೊಂಡಿದ್ದಳು. ರಾತ್ರಿ ಮಲಗುವಾಗಲೂ ಅದೇ ಬೇಕಿತ್ತು ಅವಳಿಗೆ. ವಿಷಯ ಹೇಳಿದೆ. "ಅವನನ್ನ ಕೇಳಿದ್ರಾ?" ಅಂದಳು.

ಕೇಳಲ್ಲ. ಬೇಸ್‌ಬಾಲ್‌ನಲ್ಲಿ ಆಟಗಾರನನ್ನು ಕೇಳುವ ಪದ್ಧತಿ ಇಲ್ಲ. ಹತ್ತು ವರ್ಷ ಮೇಜರ್ ಲೀಗ್‌ನಲ್ಲಿ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ಮಾತ್ರ ಬೇಡ ಅನ್ನಬಹುದು. ಅಥವಾ ಕರಾರಿನಲ್ಲೇ ಹಾಗಂತ ಬರೆಸಿಕೊಂಡಿರಬೇಕು. ಆವತ್ತೇ ಹಾಗೊಂದು ನಡೆಯಿತು. ವೋಯ್ಟ್ ಜಾಗದಲ್ಲಿ ಮೊದಲು ಹೋಗಬೇಕಿದ್ದವನು ಎರಿಕ್ ಹಾಸ್ಮರ್. ಅವನ ಕರಾರಿನಲ್ಲಿ ಆ ಹಕ್ಕಿತ್ತು, ವಾಷಿಂಗ್ಟನ್‌ಗೆ ಹೋಗಲ್ಲ ಅಂದ. ಅವನನ್ನು ಬಾಸ್ಟನ್‌ಗೆ ಕಳಿಸಿದರು. 21 ವರ್ಷದ ಅಬ್ರಾಮ್ಸ್‌ಗೆ ಆ ಹಕ್ಕು ಎಲ್ಲಿಂದ ಬರಬೇಕು? ಗಂಟುಮೂಟೆ ಕಟ್ಟಿಕೊಂಡು ವಿಮಾನ ಹತ್ತುವುದೇ.

ಈ ವಿನಿಮಯ ಸರಿಯಾ, ತಪ್ಪಾ? ಸ್ಯಾನ್ ಡಿಯೇಗೊದಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ನನ್ನೊಳಗೂ ಪೂರ್ತಿ ಮುಗಿದಿಲ್ಲ.

ಮೊದಲು ನಮ್ಮ ತಂಡದ ವಿಷಯ ಸ್ವಲ್ಪ ಹೇಳಬೇಕು. ಪಾಡ್ರೆಸ್ ಅಂದರೆ ಬೇರೇನಲ್ಲ, ನಮ್ಮ 'ಪಾದ್ರಿ'ಗಳೇ. 1769ರಲ್ಲಿ ಇಲ್ಲಿಗೆ ಬಂದು ಮೊದಲ ಮಿಷನ್ ಕಟ್ಟಿದ ಸ್ಪ್ಯಾನಿಷ್ ಪಾದ್ರಿಗಳ ನೆನಪಿಗೆ ಆ ಹೆಸರು. ಪೋರ್ಚುಗೀಸರ ಬಾಯಿಂದ ಕನ್ನಡಕ್ಕೆ ಬಂದ ಮಾತು, ಸ್ಪ್ಯಾನಿಷರ ಬಾಯಿಂದ ಇಲ್ಲಿಯ ತಂಡಕ್ಕೂ ಬಂತು. ನಮ್ಮ ಮನೆಯಲ್ಲಿ "ಇವತ್ತು ಪಾದ್ರಿಗಳ ಮ್ಯಾಚ್ ಇದೆಯಾ?" ಅಂತಲೇ ಕೇಳುವುದು.

1969ರಿಂದ ಪಾದ್ರಿಗಳು ಮೇಜರ್ ಲೀಗ್‌ನಲ್ಲಿದ್ದಾರೆ. ಒಂದೇ ಒಂದು ಸಲವೂ ವರ್ಲ್ಡ್ ಸೀರೀಸ್ ಗೆದ್ದಿಲ್ಲ. 1984ರಲ್ಲಿ, 1998ರಲ್ಲಿ ಫೈನಲ್‌ವರೆಗೆ ಹೋಗಿ ಸೋತರು. ಊರಿನ ಅಮೆರಿಕನ್ ಫುಟ್‌ಬಾಲ್ ತಂಡ 2017ರಲ್ಲಿ ಲಾಸ್ ಏಂಜಲೀಸ್‌ಗೆ ಗುಳೆ ಹೋಯಿತು. ಅದೇ ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ಇದ್ದಾರೆ, ಕಾರಿನಲ್ಲಿ ಎರಡು ಗಂಟೆ ದೂರ. ದುಡ್ಡಿದೆ, ಕಪ್ ಇದೆ, ಚರಿತ್ರೆ ಇದೆ. ನಮಗೆ ಇರುವುದು ಸಮುದ್ರ, ಬಿಸಿಲು, ಟೋನಿ ಗ್ವಿನ್. ಗ್ವಿನ್ 20 ಸೀಸನ್ ಆಡಿದ್ದು ಇದೊಂದೇ ತಂಡಕ್ಕೆ. ಒಟ್ಟು 3,141 ಹಿಟ್, ಅಂದರೆ ಹೊಡೆದು ಬೇಸ್ ಮುಟ್ಟಿದ್ದು. ನನ್ನಂಥ ಎಂಜಿನಿಯರ್‌ಗಳು ಈ ಅಂಕಿ ನೋಡಿ ಸುಮ್ನೆ ಖುಷಿಪಡುತ್ತೇವೆ, ಪೈ ಅಲ್ವಾ ಅಂತ.

ಇದೆಲ್ಲ ನನಗೆ ಕಲಿಸಿದ್ದು ಪಕ್ಕದ ಮನೆ ಯಜಮಾನರು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರು. ನಾನು ಬಂದ ಹೊಸತರಲ್ಲಿ ಅವರ ಗರಾಜಿನ ರೇಡಿಯೋದಿಂದ ಕಾಮೆಂಟರಿ ಕೇಳಿಸುತ್ತಿತ್ತು. ಬೇಸ್‌ಬಾಲ್ ಅರ್ಥವಾಗದಿದ್ದರೂ ರೇಡಿಯೋ ಕಾಮೆಂಟರಿ ಅಂದರೆ ನನಗೆ ಕಾಲು ನಿಲ್ಲುತ್ತದೆ. ನಿಂತೆ. ಅವರು ಒಂದು ಮಡಚುವ ಕುರ್ಚಿ ಹಾಕಿಕೊಟ್ಟರು. ಅಲ್ಲಿಂದ ಶುರು.

ಸೋಟೊ ಬಂದ ಸಂಜೆ ಯಜಮಾನರ ಮುಖ ಊದಿಕೊಂಡಿತ್ತು. "ನಾನು ಆಜಿ ಸ್ಮಿತ್‌ನನ್ನು ಕೊಟ್ಟದ್ದು ನೋಡಿದವನು" ಅಂದರು. 1982ರಲ್ಲಿ ಪಾಡ್ರೆಸ್, ಗ್ಯಾರಿ ಟೆಂಪಲ್ಟನ್‌ಗಾಗಿ ಆಜಿ ಸ್ಮಿತ್‌ನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟಿತು. ಸ್ಮಿತ್ ಅದೇ ವರ್ಷ ಅಲ್ಲಿ ವರ್ಲ್ಡ್ ಸೀರೀಸ್ ಗೆದ್ದ. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಒಟ್ಟು 13 ಸಲ ಪಡೆದ, ಕೊನೆಗೆ ಹಾಲ್ ಆಫ್ ಫೇಮ್ ಸೇರಿದ. ನಲವತ್ತು ವರ್ಷವಾದರೂ ಯಜಮಾನರಿಗೆ ಅದು ನಿನ್ನೆ ಆದ ಹಾಗೆ.

ನಮ್ಮ ಐಪಿಎಲ್ ನೋಡಿ ಬೆಳೆದವರಿಗೆ ಈ ನೋವು ಅಷ್ಟು ಬೇಗ ಅರ್ಥವಾಗಲ್ಲ. ಐಪಿಎಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ದೊಡ್ಡ ಹರಾಜು. ನಾಲ್ಕಾರು ಜನರನ್ನು ಉಳಿಸಿಕೊಂಡು ಮಿಕ್ಕವರನ್ನೆಲ್ಲ ಬಿಡಬೇಕು. ಮುಂದಿನ ಹತ್ತು ವರ್ಷ ಅಡವಿಡೋಣ ಅಂದರೂ ಅಡವಿಡೋಕೆ ಏನೂ ಇರಲ್ಲ. ಇಲ್ಲಿ ಹಾಗಲ್ಲ. ಹದಿನೆಂಟು ಇಪ್ಪತ್ತು ವರ್ಷದ ಹುಡುಗರನ್ನು ಆರಿಸಿ, ಸಣ್ಣ ಊರುಗಳ ಮೈನರ್ ಲೀಗ್ ತಂಡಗಳಲ್ಲಿ ನಾಲ್ಕು ಮೆಟ್ಟಿಲು ಹತ್ತಿಸಿ ಬೆಳೆಸುತ್ತಾರೆ. ಮೇಲಕ್ಕೆ ಬಂದ ಮೇಲೆ ಸುಮಾರು ಆರು ವರ್ಷ ಅವನು ಆ ತಂಡದ ಸೊತ್ತು. ಅದರಲ್ಲಿ ಮೊದಲ ವರ್ಷಗಳು ಬಹಳ ಅಗ್ಗ. 2022ರಲ್ಲಿ ಕನಿಷ್ಠ ಸಂಬಳ 7 ಲಕ್ಷ ಡಾಲರ್. ನಮಗೆ ದೊಡ್ಡದು, ಈ ಆಟದಲ್ಲಿ ಚಿಲ್ಲರೆ.

ಈ ಬೆಳೆಸುವ ಏರ್ಪಾಟಿಗೆ ಅವರು ಇಟ್ಟ ಹೆಸರೇ 'ಫಾರ್ಮ್'. ಹೊಲ. ಮೊದಲ ಸಲ ಆ ಪದ ಕೇಳಿದಾಗ ನನಗೆ ನೆನಪಾದದ್ದು ನಾಗಮಂಗಲದ ಕಡೆಯ ನಮ್ಮೂರು, ನಡುಮನೆಯ ಮೂಲೆಯಲ್ಲಿದ್ದ ಗುಡಾಣ.

ಆ ಗುಡಾಣದಲ್ಲಿ ಬಿತ್ತನೆ ರಾಗಿ ಇರುತ್ತಿತ್ತು. ಬೇವಿನ ಸೊಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಸಗಣಿ ಮೆತ್ತಿ ಇಟ್ಟದ್ದು. ಮನೆಯಲ್ಲಿ ಏನೇ ಕಷ್ಟ ಬಂದರೂ ಅದಕ್ಕೆ ಕೈ ಹಾಕುವ ಹಾಗಿಲ್ಲ. ತಾತನ ಕಾನೂನು. ನಾನು ಹುಟ್ಟುವ ಮುಂಚಿನ ಒಂದು ವರ್ಷ ಮಳೆ ಕೈಕೊಟ್ಟಿತ್ತು, ಮನೆಯಲ್ಲಿ ರಾಗಿ ತಳ ಕಂಡಿತ್ತು. ಅದೇ ಹೊತ್ತಿಗೆ ನಮ್ಮತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದುಬಿಟ್ಟರು. ಬರುತ್ತೇವೆ ಅಂದದ್ದು ಐದು ಜನ, ಬಂದದ್ದು ಹದಿನಾಲ್ಕು. ಅಜ್ಜಿ ತಾತನನ್ನು ಕೇಳಲಿಲ್ಲ. ಗುಡಾಣದ ಬಾಯಿ ಒಡೆದು, ರಾಗಿ ಬೀಸಿ, ಮುದ್ದೆ ಕಟ್ಟಿ, ಕೋಳಿ ಸಾರು ಬಡಿಸಿದಳು.

ತಾತ ಎರಡು ದಿನ ಮಾತು ಬಿಟ್ಟರಂತೆ. ಆಮೇಲೆ ಪಕ್ಕದೂರಿನ ನೆಂಟರಿಂದ ಬಿತ್ತನೆಗೆ ಸಾಲ ತಂದರು. ಆ ಸಂಬಂಧ ಕೂಡಿ ಬರಲಿಲ್ಲ. ಅತ್ತೆಯ ಮದುವೆ ಬೇರೆ ಕಡೆ ಆಯಿತು. ಆದರೂ ಅಜ್ಜಿ ಸಾಯುವ ತನಕ ತಾನು ಮಾಡಿದ್ದು ತಪ್ಪು ಅನ್ನಲಿಲ್ಲ. "ಬಾಗಿಲಿಗೆ ಬಂದವರಿಗೆ ಗಂಜಿ ಕಾಸಿ ಕೊಡ್ಲಾ?" ಅಂತ ಕೇಳುತ್ತಿದ್ದಳು. ಮನೆಯಲ್ಲಿ ಈ ಕತೆ ಬಂದಾಗಲೆಲ್ಲ ಎರಡು ಪಾರ್ಟಿ. ನಾನು ಚಿಕ್ಕಂದಿನಿಂದ ತಾತನ ಪಾರ್ಟಿ.

ಸೋಟೊ ವಿಷಯದಲ್ಲಿ ಮಾತ್ರ ಅಜ್ಜಿ ಪಾರ್ಟಿಗೆ ಹಾರಿದೆ.

ಯಾಕೆ ಅಂತ ಹೇಳುವ ಮುಂಚೆ ಸೋಟೊ ಯಾರು ಅಂತ ಹೇಳಬೇಕಲ್ವಾ. ಡೊಮಿನಿಕನ್ ರಿಪಬ್ಲಿಕ್‌ನ ಹುಡುಗ. 2019ರಲ್ಲಿ ನ್ಯಾಷನಲ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ, ಆ ಸೀರೀಸ್ ನಡುವೆಯೇ ಅವನಿಗೆ 21 ತುಂಬಿತು. ಹೊಡೆತ ಜೋರು, ನಿಜ. ಆದರೆ ಅವನ ನಿಜವಾದ ವಿದ್ಯೆ ಚೆಂಡು ಬಿಡುವುದು. ಬೇಸ್‌ಬಾಲ್‌ನಲ್ಲಿ ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಬ್ಯಾಟರ್ ಆರಾಮಾಗಿ ಮೊದಲ ಬೇಸಿಗೆ ನಡೆದು ಹೋಗಬಹುದು, ಅದಕ್ಕೆ 'ವಾಕ್' ಅಂತಾರೆ. 2021ರಲ್ಲಿ ಸೋಟೊ ಹಾಗೆ 145 ಸಲ ನಡೆದ. ಆಫ್ ಸ್ಟಂಪ್ ಆಚೆಯ ಚೆಂಡನ್ನು ದ್ರಾವಿಡ್ ಬಿಡುತ್ತಿದ್ದದ್ದು ನೆನಪಿದೆಯಾ? ಬಿಡುವುದರಲ್ಲೇ ಬೌಲರ್‌ಗೆ ಸುಸ್ತಾಗುತ್ತಿತ್ತು. ಇವನೂ ಹಾಗೆಯೇ, ಆದರೆ ಗಾಂಭೀರ್ಯ ಮಾತ್ರ ಇಲ್ಲ. ಚೆಂಡು ಬಿಟ್ಟ ಮೇಲೆ ಕಾಲು ಅಗಲಿಸಿ ತಗ್ಗಿ, ಗೂಳಿ ಹಾಗೆ ಮಣ್ಣು ಕೆದರಿ, ತುಟಿ ಸವರಿಕೊಂಡು ಚೆಂಡೆಸೆಯುವ ಪಿಚರ್ ಮುಖವನ್ನೇ ನೋಡುತ್ತಾನೆ. ಎದುರಾಳಿಯಾಗಿದ್ದಾಗ ಮೈ ಉರಿಯುತ್ತಿತ್ತು. ನಮ್ಮವನಾದ ಮೇಲೆ ಮಗಳು ಅದನ್ನು ಹಜಾರದಲ್ಲಿ ಅಭ್ಯಾಸ ಮಾಡಿದಳು.

ನ್ಯಾಷನಲ್ಸ್ ಅವನಿಗೆ 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಬೇಡ ಅಂದ. ಅವರಿಗೆ ಬೇರೆ ದಾರಿ ಇರಲಿಲ್ಲ, ಮಾರುಕಟ್ಟೆಗೆ ತಂದರು. 23 ವರ್ಷಕ್ಕೆ ಅಷ್ಟು ದೊಡ್ಡ ಆಟಗಾರ ಮಾರುಕಟ್ಟೆಗೆ ಬರುವುದು ತಲೆಮಾರಿಗೊಮ್ಮೆ. ಅದೂ ಬಾಡಿಗೆಗಲ್ಲ. 2024ರ ಕೊನೆಯವರೆಗೆ, ಅಂದರೆ ಮೂರು ಅಕ್ಟೋಬರ್ ಅವನು ನಮ್ಮವನು. ಬೇಸ್‌ಬಾಲ್‌ನಲ್ಲಿ ಕಾಲವನ್ನು ಅಕ್ಟೋಬರ್‌ಗಳಲ್ಲಿ ಎಣಿಸಬೇಕು, ನಾಕೌಟ್ ನಡೆಯುವುದು ಆಗಲೇ.

ಇಲ್ಲಿ ಬಹಳ ಜನ ಎರಡು ಬೇರೆ ಬೇರೆ ವಿಷಯ ಕಲಸಿಬಿಡುತ್ತಾರೆ. ಎರಡು ತಿಂಗಳಿಗೆ ಒಬ್ಬ ಮುದಿ ಪಿಚರ್‌ನನ್ನು ತರುವುದು ಬೇರೆ, ಇದು ಬೇರೆ. ಮೊದಲನೆಯದಕ್ಕೆ ಎಲ್ಲರೂ ಕೊಡುವ ಉದಾಹರಣೆ 1987ರ ಡೆಟ್ರಾಯಿಟ್ ಟೈಗರ್ಸ್. ಆಗಸ್ಟ್‌ನಲ್ಲಿ 36 ವರ್ಷದ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದರು. ಬೇಸ್‌ಬಾಲ್‌ನಲ್ಲಿ ಮ್ಯಾಚಿನ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ; ಅವನು 9 ಗೆದ್ದ, ಒಂದೂ ಸೋಲಲಿಲ್ಲ. ಟೈಗರ್ಸ್ ತಮ್ಮ ವಿಭಾಗ ಗೆದ್ದರು, ನಾಕೌಟ್‌ನಲ್ಲಿ ಮಿನೆಸೋಟ ಕೈಲಿ ಸೋತರು. ಬದಲಿಗೆ ಕೊಟ್ಟದ್ದು ಮಿಷಿಗನ್‌ನಲ್ಲೇ ಬೆಳೆದ 20 ವರ್ಷದ ಒಬ್ಬ ಹುಡುಗನನ್ನು. ಹೆಸರು ಜಾನ್ ಸ್ಮೋಲ್ಟ್ಜ್. ಅಟ್ಲಾಂಟಾದಲ್ಲಿ 213 ಗೆಲುವು, 154 ಸೇವ್‌ (ಕೊನೆಯಲ್ಲಿ ಬಂದು ತಂಡದ ಗೆಲುವು ಕಾಯ್ದದ್ದು) ಲೆಕ್ಕದ ಬಹುಪಾಲು ಬರೆದು ಅವನು 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಇನ್ನೊಂದು ಕಡೆ 2016ರ ಷಿಕಾಗೊ ಕಬ್ಸ್. ಅವರೂ ಕೆಲವೇ ತಿಂಗಳಿಗೆ ಅರೋಲ್ಡಿಸ್ ಚಾಪ್‌ಮನ್‌ನನ್ನು ತಂದು, ಗ್ಲೇಬರ್ ಟೋರೆಸ್‌ನಂಥ ಹುಡುಗನನ್ನು ಕೊಟ್ಟರು. 108 ವರ್ಷದ ಮೇಲೆ ಕಪ್ ಗೆದ್ದರು. ಟೋರೆಸ್ ಹೋದದ್ದಕ್ಕೆ ಷಿಕಾಗೊದಲ್ಲಿ ಒಬ್ಬರೂ ಅತ್ತದ್ದು ನಾನು ಕೇಳಿಲ್ಲ.

ಮತ್ತೆ, ಬಿತ್ತಿದ ಕಾಳೆಲ್ಲ ತೆನೆ ಬಿಡುತ್ತದೆ ಅಂತಲೂ ಇಲ್ಲ. 18 ವರ್ಷದ ಹುಡುಗ 25ಕ್ಕೆ ಏನಾಗುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಮೊಣಕೈ ಹೋಗಬಹುದು, ಕರ್ವ್‌ಬಾಲ್ ಆಡೋಕೆ ಬರದೇ ಇರಬಹುದು. ನಮ್ಮ ಫರ್ನಾಂಡೊ ಟಟೀಸ್ ಜೂನಿಯರ್ ಬಂದದ್ದೇ ಅಂಥ ವಿನಿಮಯದಲ್ಲಿ. 2016ರಲ್ಲಿ ಷಿಕಾಗೊ ವೈಟ್ ಸಾಕ್ಸ್‌ಗೆ ಅನುಭವಿ ಪಿಚರ್ ಜೇಮ್ಸ್ ಷೀಲ್ಡ್ಸ್ ಬೇಕಿತ್ತು. 17 ವರ್ಷದ ಟಟೀಸ್‌ನನ್ನು ಸೇರಿಸಿ ಕೊಟ್ಟರು. ಆಗ ಅವನು ಅಮೆರಿಕದಲ್ಲಿ ಒಂದು ಮೈನರ್ ಲೀಗ್ ಮ್ಯಾಚ್ ಕೂಡ ಆಡಿರಲಿಲ್ಲ. ಆವತ್ತು ನಾವು ನಕ್ಕೆವು. ಯಾರದೋ ಬಿತ್ತನೆ ರಾಗಿ ನಮ್ಮ ಹೊಲದಲ್ಲಿ ಚೆನ್ನಾಗಿ ಬೆಳೆಯಿತು.

ಅದೇ ಟಟೀಸ್, ಸೋಟೊ ಬಂದ ಹತ್ತೇ ದಿನಕ್ಕೆ, ನಿಷೇಧಿತ ಔಷಧ ಸಿಕ್ಕಿಬಿದ್ದು 80 ಮ್ಯಾಚ್ ಹೊರಗೆ. ಟಟೀಸ್, ಸೋಟೊ, ನಮ್ಮ ಇನ್ನೊಬ್ಬ ದೊಡ್ಡ ಬ್ಯಾಟರ್ ಮಚಾಡೊ, ಮೂವರೂ ಒಬ್ಬರ ಹಿಂದೆ ಒಬ್ಬರು ಬ್ಯಾಟ್ ಹಿಡಿದು ಬರುವುದನ್ನು ನೋಡಬೇಕು ಅಂತ ಇಡೀ ಊರು ಕನಸು ಕಂಡಿತ್ತು. ಆ ವರ್ಷ ಒಂದು ದಿನವೂ ಆಗಲಿಲ್ಲ.

ನನಗೆ ಗೋರ್, ಹ್ಯಾಸೆಲ್ ಹೋದದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಚುಚ್ಚಿದ್ದು ಜೇಮ್ಸ್ ವುಡ್. ಆ ಜುಲೈನಲ್ಲಿ ಮಗಳನ್ನು ಕರೆದುಕೊಂಡು ಲೇಕ್ ಎಲ್ಸಿನೋರ್‌ಗೆ ಹೋಗಿದ್ದೆ. ಮನೆಯಿಂದ ಒಂದು ಗಂಟೆಯ ದಾರಿ. ಪಾಡ್ರೆಸ್‌ನ ಕೆಳಗಿನ ಮೆಟ್ಟಿಲಿನ ತಂಡ ಅಲ್ಲಿ ಆಡುತ್ತದೆ. ಟಿಕೆಟ್ ಅಗ್ಗ, ಜನ ಕಡಿಮೆ, ಬೆಟ್ಟದ ಕಡೆಯಿಂದ ಒಣ ಗಾಳಿ, ಬೀಸಣಿಗೆ ಇಲ್ಲದ ಅಡುಗೆಮನೆಯ ಹಾಗೆ ಸೆಕೆ. ಮುಂದಿನ ಸಾಲಿನಲ್ಲಿ ಕೂತರೆ ಆಟಗಾರರು ಉಗುಳುವ ಸೂರ್ಯಕಾಂತಿ ಬೀಜದ ಸಿಪ್ಪೆಯೂ ಕಾಣುತ್ತದೆ. ವುಡ್ ಬ್ಯಾಟಿಂಗ್‌ಗೆ ಬಂದ. ಆರೂವರೆ ಅಡಿ ಮೇಲಿದ್ದಾನೆ, 19 ವರ್ಷ, ಮುಖದಲ್ಲಿ ಇನ್ನೂ ಹೈಸ್ಕೂಲು. ಚೆಂಡು ಬ್ಯಾಟಿಗೆ ತಗುಲಿದಾಗ ಬೇರೆಯವರದು ಟಕ್ ಅಂತಿತ್ತು, ಇವನದು ತೆಂಗಿನಕಾಯಿ ಕಲ್ಲಿಗೆ ಬಡಿದ ಹಾಗೆ. ಮಗಳು ಕಡಲೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಿದಳು. ಪಕ್ಕದಲ್ಲಿದ್ದ ಅಪರಿಚಿತನೊಬ್ಬ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಏನೂ ಹೇಳಲಿಲ್ಲ. ಹೇಳುವುದು ಏನೂ ಇರಲಿಲ್ಲ.

ಇಂಥವನನ್ನು ಕೊಟ್ಟರು. ಕೊಡಬೇಕಿತ್ತಾ?

ನನ್ನ ಉತ್ತರ ಅಕ್ಟೋಬರ್ 15, 2022ರ ಶನಿವಾರ ರಾತ್ರಿಯಲ್ಲಿದೆ. ಆ ವರ್ಷ ಡಾಡ್ಜರ್ಸ್ 111 ಮ್ಯಾಚ್ ಗೆದ್ದಿದ್ದರು, ನಾವು 89. ಐದು ಮ್ಯಾಚ್‌ಗಳ ಸರಣಿ. ಅವರ ಊರಿನಲ್ಲಿ ನಡೆದ ಎರಡನೇ ಮ್ಯಾಚ್‌ನಲ್ಲಿ ಎಲ್ಲಿಂದಲೋ ಒಂದು ಹೆಬ್ಬಾತು ಹಾರಿ ಬಂದು ಮೈದಾನದಲ್ಲಿ ಕೂತಿತು, ಆ ಮ್ಯಾಚ್ ನಾವು ಗೆದ್ದೆವು. ಅಷ್ಟೇ ಸಾಕಾಯಿತು, ಹೆಬ್ಬಾತು ನಮ್ಮ ಕುಲದೇವತೆಯಾಗಿಬಿಟ್ಟಿತು. ನಾಲ್ಕನೇ ಮ್ಯಾಚ್‌ಗೆ ನಮ್ಮ ಮೈದಾನ ಪೆಟ್ಕೊ ಪಾರ್ಕ್‌ಗೆ ಹೋದರೆ ಎಲ್ಲರ ಕೈಯಲ್ಲೂ ಬಾತುಕೋಳಿ ಬೊಂಬೆ. 2006ರ ನಂತರ ಈ ಊರಿನ ಜನ ತಮ್ಮ ಮೈದಾನದಲ್ಲಿ ಕೂತು ನಾಕೌಟ್ ನೋಡುತ್ತಿದ್ದದ್ದು ಆ ವಾರವೇ. ಎರಡು ಟಿಕೆಟ್‌ಗೆ ಎಷ್ಟು ಕೊಟ್ಟೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ. ಒಂದು ನನಗೆ, ಒಂದು ಯಜಮಾನರಿಗೆ.

ಮಳೆ ಬಂತು. ಈ ಊರಿನಲ್ಲಿ ಅಕ್ಟೋಬರ್‌ನಲ್ಲಿ! ಅರ್ಧ ಗಂಟೆ ತಡ. ಏಳನೇ ಇನಿಂಗ್ಸ್‌ನಲ್ಲಿ ನಾವು ಬ್ಯಾಟ್ ಮಾಡಲು ಬಂದಾಗ 0–3 ಹಿಂದಿದ್ದೆವು. ಯಜಮಾನರು ಆಗಲೇ ಕಾರ್ ಕೀ ಹುಡುಕುತ್ತಿದ್ದರು. ಒಂದು ವಾಕ್, ಒಂದು ಹಿಟ್, ಆಸ್ಟಿನ್ ನೋಲಾನ ಇನ್ನೊಂದು ಹಿಟ್, ಒಂದು ರನ್. ಹಾ-ಸಂಗ್ ಕಿಮ್ ಎಡಗಡೆ ಗೆರೆಯ ಪಕ್ಕದಲ್ಲೇ ಹೊಡೆದ, ಎರಡು. ಆಮೇಲೆ ಸೋಟೊ. ಈ ಸಲ ನೃತ್ಯ ಇಲ್ಲ, ಏನಿಲ್ಲ. ಹೊಡೆದ, 3–3. ಆಮೇಲೆ ಇಬ್ಬರು ಔಟಾದ ಮೇಲೆ ಜೇಕ್ ಕ್ರೋನನ್‌ವರ್ತ್ ಮಧ್ಯಕ್ಕೆ ಹೊಡೆದು ಎರಡು ರನ್ ತಂದ. 5–3. ನಲವತ್ತೈದು ಸಾವಿರ ಜನ ಒಟ್ಟಿಗೆ ಕೂಗಿದರೆ ಕಾಂಕ್ರೀಟ್ ನಡುಗುವುದು ಅಂಗಾಲಿಗೆ ಗೊತ್ತಾಗುತ್ತದೆ. ಕೊನೆಯ, ಒಂಬತ್ತನೇ ಇನಿಂಗ್ಸ್‌ಗೆ ಪಿಚರ್ ಜೋಶ್ ಹೇಡರ್ ಬಂದ, ಸೋಟೊಗಿಂತ ಒಂದು ದಿನ ಮುಂಚೆ ಮಿಲ್ವಾಕಿಯಿಂದ ತಂದವನು. ಮೂವರನ್ನೂ ಸ್ಟ್ರೈಕ್ ಔಟ್ ಮಾಡಿದ. ಆ ಮೂವರಲ್ಲಿ ಒಬ್ಬ ಟ್ರೇ ಟರ್ನರ್. 2014ರಲ್ಲಿ ನಾವೇ ಆರಿಸಿ, ಬಿತ್ತುವ ಮುಂಚೆಯೇ ಬೇರೆಯವರಿಗೆ ಕೊಟ್ಟ ಹುಡುಗ ಅವನು. ಆ ಹೊತ್ತಲ್ಲಿ ಅದು ಯಾರಿಗೆ ನೆನಪಿರುತ್ತೆ?

ಯಜಮಾನರು ಅಳುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಒದ್ದೆ ಟೋಪಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಆಜಿ ಸ್ಮಿತ್ ಮಾತು ಆವತ್ತು ಬರಲಿಲ್ಲ.

ಮುಂದಿನ ಸುತ್ತಿನಲ್ಲಿ ಫಿಲಡೆಲ್ಫಿಯಾ ಎದುರು 1–4ರಿಂದ ಸೋತೆವು. ಕೊನೆಯ ಮ್ಯಾಚ್‌ನಲ್ಲಿ ಸೋಟೊ ಹೋಮ್ ರನ್ ಹೊಡೆದ, ಆದರೆ ಎಂಟನೇ ಇನಿಂಗ್ಸ್‌ನಲ್ಲಿ ಬ್ರೈಸ್ ಹಾರ್ಪರ್ ಹೊಡೆದದ್ದು ನಮ್ಮ ಕತೆ ಮುಗಿಸಿತು. ಹೇಡರ್‌ನನ್ನು ಆಗ ಯಾಕೆ ಕರೆಸಲಿಲ್ಲ ಅಂತ ಕೇಳಬೇಡಿ, ಅದಕ್ಕೆ ಬೇರೆ ಬ್ಲಾಗೇ ಬೇಕು.

2023 ಬಂತು. ಸೋಟೊ 162 ಮ್ಯಾಚ್ ಆಡಿದ, 35 ಹೋಮ್ ರನ್, 132 ವಾಕ್. ಮೈದಾನಕ್ಕೆ 32 ಲಕ್ಷಕ್ಕೂ ಜಾಸ್ತಿ ಜನ ಬಂದರು. ತಂಡ ಮಾತ್ರ 82 ಗೆದ್ದು 80 ಸೋತಿತು. ನಾಕೌಟ್‌ಗೂ ಹೋಗಲಿಲ್ಲ. ಒಂದು ರನ್ ಅಂತರದ ಮ್ಯಾಚ್‌ಗಳಲ್ಲಿ 9 ಗೆಲುವು, 23 ಸೋಲು. ಹೆಚ್ಚುವರಿ ಇನಿಂಗ್ಸ್‌ಗೆ ಹೋದ 14ರಲ್ಲಿ 12 ಸೋತರು. ಅರ್ಧ ಅದೃಷ್ಟ. ಇನ್ನರ್ಧದ ಬಗ್ಗೆ ನನ್ನದೊಂದು ಅನುಮಾನ ಇದೆ. ಬಿತ್ತನೆ ರಾಗಿ ಖಾಲಿಯಾದರೆ ಮುಂದಿನ ವರ್ಷದ ಬೆಳೆ ಮಾತ್ರ ಹೋಗಲ್ಲ. ಒಬ್ಬನಿಗೆ ಕಾಲು ಉಳುಕಿದರೆ, ಇನ್ನೊಬ್ಬ ಲಯ ತಪ್ಪಿದರೆ, ಕೆಳಗಿನಿಂದ ಎಳೆದು ನಿಲ್ಲಿಸುವುದಕ್ಕೆ ಹಸಿದ ಹುಡುಗ ಇರಲ್ಲ. ನಾಲ್ಕು ಜನ ಮಹಾರಾಜರು, ಉಳಿದ ಜಾಗದಲ್ಲಿ ಬಾಡಿಗೆಯವರು. ಇದನ್ನು ಯಜಮಾನರು ಮೊದಲೇ ಹೇಳಿದ್ದರು. ಒಪ್ಪಿಕೊಳ್ಳುತ್ತೇನೆ.

ಆ ನವೆಂಬರ್‌ನಲ್ಲಿ ತಂಡದ ಮಾಲೀಕ ಪೀಟರ್ ಸೈಡ್ಲರ್ ತೀರಿಕೊಂಡರು. ಸಣ್ಣ ಊರಿನ ತಂಡ ಅಂತ ಕೈ ಕಟ್ಟಿ ಕೂರದೆ, ದೊಡ್ಡ ಊರುಗಳಿಗೆ ಸಮನಾಗಿ ಖರ್ಚು ಮಾಡಿದ ಮನುಷ್ಯ. ಡಿಸೆಂಬರ್‌ನಲ್ಲಿ ಸೋಟೊನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟರು. ಮೂರು ಅಕ್ಟೋಬರ್‌ಗೆ ಅಂತ ತಂದವನು, ಹದಿನಾರು ತಿಂಗಳಿಗೆ ಹೊರಟ. ಅವನ ಜೊತೆ ಯಾಂಕೀಸ್ 2024ರಲ್ಲಿ ವರ್ಲ್ಡ್ ಸೀರೀಸ್‌ಗೆ ಹೋದರು, ಅಲ್ಲಿ ಡಾಡ್ಜರ್ಸ್ ಕೈಲಿ ಸೋತರು. ಆಮೇಲೆ ಮೆಟ್ಸ್ ತಂಡ ಅವನಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟಿತು. 2025ರಲ್ಲಿ ಅವನು 43 ಹೋಮ್ ರನ್ ಹೊಡೆದ. ಮೆಟ್ಸ್ 83–79, ನಾಕೌಟ್ ಇಲ್ಲ. ಒಬ್ಬನೇ ಎಷ್ಟು ಅಂತ ಎಳೆಯುತ್ತಾನೆ ಹೇಳಿ.

ಅತ್ತ ವಾಷಿಂಗ್ಟನ್‌ನಲ್ಲಿ ನಾವು ಕೊಟ್ಟ ಕಾಳು ಮೊಳಕೆ ಒಡೆದವು. ಅಬ್ರಾಮ್ಸ್ 2024ರಲ್ಲಿ ಆಲ್ ಸ್ಟಾರ್, ಅಂದರೆ ಲೀಗಿನ ಆಯ್ದ ಆಟಗಾರರ ತಂಡಕ್ಕೆ ಸೇರಿದ. ಗೋರ್, ವುಡ್ ಇಬ್ಬರೂ 2025ರಲ್ಲಿ. ವುಡ್ ಆ ವರ್ಷ 31 ಹೋಮ್ ರನ್ ಹೊಡೆದ. ಸಾಮಾನ್ಯವಾಗಿ ಐದರಲ್ಲಿ ಒಂದು ಎದ್ದರೆ ಹೆಚ್ಚು, ಇಲ್ಲಿ ಮೂರು ಎದ್ದವು. ಆದರೆ ಅದೇ ನ್ಯಾಷನಲ್ಸ್ ಆ ವರ್ಷ 96 ಮ್ಯಾಚ್ ಸೋತಿತು, ಸೋಟೊನನ್ನು ಮಾರಿದ ಜನರಲ್ ಮ್ಯಾನೇಜರ್ ಮೈಕ್ ರಿಜೊ ಅವರನ್ನೇ ಸೀಸನ್ ನಡುವೆ ಮನೆಗೆ ಕಳಿಸಿತು. ಬೀಜ ಚೆನ್ನಾಗಿದ್ದ ಮಾತ್ರಕ್ಕೆ ಬೆಳೆ ಬರಲ್ಲ ಅನ್ನುವುದು ತಾತನಿಗೂ ಗೊತ್ತಿತ್ತು.

ಹಾಗಾದರೆ ಲೆಕ್ಕ? ಕಾಗದದ ಮೇಲೆ ನಾವೇ ಸೋತಿದ್ದೇವೆ. ಆದರೂ ನಾಳೆ ಬೆಳಗ್ಗೆ, ಸೋಟೊನನ್ನು ತಂದ ನಮ್ಮ ಜನರಲ್ ಮ್ಯಾನೇಜರ್ ಎ.ಜೆ. ಪ್ರೆಲ್ಲರ್ ನನಗೆ ಫೋನ್ ಮಾಡಿ, ಅದೇ ಐದು ಹುಡುಗರು, ಅದೇ ಸೋಟೊ, ಏನು ಮಾಡಲಿ ಅಂತ ಕೇಳಿದರೆ ಕೊಡಿ ಅನ್ನುತ್ತೇನೆ. ಐವತ್ತಮೂರು ವರ್ಷ ಒಂದು ಊರು ಗುಡಾಣದ ಬಾಯಿ ಕಟ್ಟಿಕೊಂಡೇ ಕೂತಿದ್ದರೆ ಏನು ಬಂತು? ಬಾಗಿಲಿಗೆ ಬಂದವನು 23 ವರ್ಷದವನು, ಇಡೀ ಆಟದಲ್ಲಿ ಅವನಂಥ ಇನ್ನೊಬ್ಬ ಇಲ್ಲ. ತಂಡ ಆಗಲೇ ಗೆಲ್ಲುವ ಮಟ್ಟಕ್ಕೆ ಬಂದಿತ್ತು. ಕೆಳಗೆ ಬಿದ್ದಿದ್ದ ತಂಡ ಹೀಗೆ ಮಾಡಿದ್ದರೆ ಹುಚ್ಚು ಅನ್ನುತ್ತಿದ್ದೆ. ನನ್ನ ತಕರಾರು ತಂದದ್ದರ ಬಗ್ಗೆ ಅಲ್ಲ. ಮೂರನೇ ಅಕ್ಟೋಬರ್‌ಗೆ ಕಾಯದೆ ಕಳಿಸಿದ್ದರ ಬಗ್ಗೆ.

ಅದನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ ನೋಡಿ. ಸೋಟೊ ಬದಲಿಗೆ ಯಾಂಕೀಸ್‌ನಿಂದ ಬಂದ ಪಿಚರ್ ಮೈಕಲ್ ಕಿಂಗ್ 2024ರಲ್ಲಿ 13 ಮ್ಯಾಚ್ ಗೆದ್ದ. ಅವನ ಜೊತೆ ಬಂದ ಡ್ರೂ ಥಾರ್ಪ್ ನಮ್ಮ ಪರ ಒಂದು ಮ್ಯಾಚೂ ಆಡಲಿಲ್ಲ. ಮಾರ್ಚ್‌ನಲ್ಲಿ ಅವನನ್ನೂ ಇನ್ನು ಕೆಲವರನ್ನೂ ವೈಟ್ ಸಾಕ್ಸ್‌ಗೆ ಕೊಟ್ಟು ಪಿಚರ್ ಡಿಲನ್ ಸೀಸ್‌ನನ್ನು ತಂದರು. ಸೋಟೊ ಹೋದ ವರ್ಷವೇ ಪಾದ್ರಿಗಳು 93 ಗೆದ್ದರು.

2024ರ ಜುಲೈ 25, ಗುರುವಾರ. ಪಾದ್ರಿಗಳು ವಾಷಿಂಗ್ಟನ್‌ನಲ್ಲಿ ಆಡುತ್ತಿದ್ದರು. ಮಗಳಿಗೆ ಬೇಸಿಗೆ ರಜೆ, ನನಗೆ ಮನೆಯಿಂದ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಒಂಬತ್ತನೇ ಇನಿಂಗ್ಸ್. ಸೀಸ್ ಅಲ್ಲಿಯವರೆಗೆ ಒಂದೂ ಹಿಟ್ ಕೊಟ್ಟಿರಲಿಲ್ಲ. ಪಾಡ್ರೆಸ್ ಚರಿತ್ರೆಯಲ್ಲೇ ಇಂಥ ನೋ-ಹಿಟ್ಟರ್ ಆಗಿದ್ದದ್ದು ಒಂದೇ ಸಲ. ಮೀಟಿಂಗ್ ಮ್ಯೂಟ್ ಮಾಡಿದೆ. ಮಗಳು ತಟ್ಟೆ ಹಿಡಿದುಕೊಂಡೇ ಲ್ಯಾಪ್‌ಟಾಪ್ ಮುಂದೆ ಬಂದು ನಿಂತಳು. ಇನ್ನು ಒಂದೇ ಔಟ್. ಬ್ಯಾಟ್ ಹಿಡಿದು ಬಂದವನು ಸಿ.ಜೆ. ಅಬ್ರಾಮ್ಸ್.

ನೂರಾ ಹದಿನಾಲ್ಕನೇ ಎಸೆತ. ಅಬ್ರಾಮ್ಸ್ ಚೆನ್ನಾಗಿಯೇ ಹೊಡೆದ, ಬಲಗಡೆಗೆ ನೇರವಾಗಿ ಹೋಯಿತು. ಬ್ರೈಸ್ ಜಾನ್ಸನ್ ಹಿಡಿದ.

ಮಗಳು ಹಾರಿದ ರಭಸಕ್ಕೆ ತಟ್ಟೆಯ ಸಾರು ನೆಲಕ್ಕೆ ಚೆಲ್ಲಿತು. ಕೂಗುತ್ತಿದ್ದವಳು ನಡುವೆ ನಿಲ್ಲಿಸಿ, "ಅಪ್ಪಾ, ಅದು ಅಬ್ರಾಮ್ಸ್ ಅಲ್ವಾ?" ಅಂದಳು. ಹೌದು ಪುಟ್ಟಿ ಅಂದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳಮ್ಮ ಬೈಯುತ್ತಾ ಒಂದು ಒರೆಸುವ ಬಟ್ಟೆ ಎಸೆದಳು. ಕಂದು ಬಣ್ಣದ್ದು. ಮಗಳು ಅದನ್ನು ಬಿಚ್ಚಿ ನೋಡಿದಳು. ಆಮೇಲೆ 77 ಒಳಗೆ ಬರುವ ಹಾಗೆ ಮಡಚಿಕೊಂಡು ನೆಲ ಒರೆಸಿದಳು.